ಇದ್ದದ್ದನ್ನು ಕಾಣದ ಕಣ್ಣು

ಸಂಜೆ ದೀಪ ಹತ್ತಿದ ಮೇಲೆ, ಮಕ್ಕಳು ಪಾಠಕ್ಕೂ ಹಿರಿಯರು ಪತ್ರಿಕೆಗೂ ಕುಳಿತು, ಅಡಿಗೆಮನೆಯಲ್ಲಿ ಮಿಕ್ಸಿ ಮೊರೆಯುತ್ತಿರುವಾಗ ಇದ್ದಕ್ಕಿದ್ದಂತೆ ಕರೆಂಟು ಹೋಗಿ, ಮನೆಯೆಲ್ಲ ಕತ್ತಲೆಯಲ್ಲಿ ಮುಳುಗಿ, ಬೆಂಕಿಪೊಟ್ಟಣಕ್ಕಾಗಿ ತಡಕಾಟ ನಡೆದು, ಮೇಣದ ಬತ್ತಿ ಕೈಗೆ ಸಿಕ್ಕುವ ವೇಳೆಗೆ ಸರಿಯಾಗಿ ಅದು ಮರಳಿ ಬಂದಾಗ, ಬೀದಿಯ ಎಲ್ಲ ಮನೆಗಳಿಂದಲೂ ಏಕಕಾಲಕ್ಕೆ "ಬಂತು!" ಎಂದು ಏಳುವ ಮಕ್ಕಳ ಕೇಕೆಯನ್ನು ಕೇಳದವರು ನಮ್ಮಲ್ಲಿ ವಿರಳ. ಸೋಜಿಗವೆಂದರೆ, ಮರಳಿ ಬಂದ ದೀಪವು ಐದು ನಿಮಿಷದ ಹಿಂದೆ ಉರಿಯುತ್ತಿದ್ದ ಅದೇ ದೀಪ; ಅದರ ಪ್ರಭೆಯಲ್ಲಿ ಒಂದು ಕಿರಣವೂ ಹೆಚ್ಚಿಲ್ಲ; ಆದರೂ ಐದು ನಿಮಿಷದ ಹಿಂದೆ ಅದನ್ನು ನೋಡಿ ಕೇಕೆ ಹಾಕಿದವರು ಒಬ್ಬರೂ ಇರಲಿಲ್ಲ, ಇನ್ನು ಐದು ನಿಮಿಷ ಕಳೆದರೆ ಕೇಕೆ ಹಾಕಿದ ಮಕ್ಕಳಿಗೂ ಅದು ಮರೆತಿರುತ್ತದೆ. ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದು, ಮೂರು ವರ್ಷಗಳ ಅನಂತರ ಬೆಂಗಳೂರಿನ ಬೀದಿದೀಪಗಳಿಗೆ ಬಂದಿತು. ಅಂದು ಆ ದೀಪಗಳನ್ನು ತಲೆಯೆತ್ತಿ ನೋಡಿದವರ ಮರಿಮಕ್ಕಳು ಇಂದು ಅವುಗಳ ಕೆಳಗೆ ನಡೆಯುವಾಗ ಕೈಯಲ್ಲಿರುವ ಫೋನಿನಿಂದ ಕಣ್ಣೆತ್ತುವುದಿಲ್ಲ. ಇದನ್ನು ಕೃತಘ್ನತೆಯೆಂದು ಬೈಯುವುದು ಸುಲಭ. ಬೈಯುವುದಕ್ಕೆ ಮೊದಲು ನಮ್ಮ ದೇಹದ ರಚನೆಯನ್ನು ಸ್ವಲ್ಪ ವಿಚಾರಿಸಿಕೊಳ್ಳುವುದು ನ್ಯಾಯ.

ನಮ್ಮ ಮನೆಗಳಲ್ಲಿ ಮಗುವು ಎರಡು ಉಪದೇಶಗಳನ್ನು ಕೇಳಿಕೊಂಡೇ ಬೆಳೆಯುತ್ತದೆ. ಕೂತು ಉಂಡರೆ ಕುಡಿಕೆ ಹಣವೂ ಸಾಲದೆಂಬುದು ಒಂದು. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬುದು ಇನ್ನೊಂದು. ಗಣಿತದಲ್ಲಿ ತೊಂಬತ್ತೆರಡು ಅಂಕ ತಂದ ಹುಡುಗಿಯನ್ನು "ಉಳಿದ ಎಂಟು ಎಲ್ಲಿ ಹೋಯಿತಮ್ಮಾ?" ಎಂದು ಕೇಳಿದ ತಂದೆಯೇ, ಆ ಸಂಜೆ ದೇವರ ಮುಂದೆ ನಿಂತು, ಕೊಟ್ಟದ್ದೇ ಹೆಚ್ಚು ಸ್ವಾಮಿ ಎಂದು ಕೈಮುಗಿಯುತ್ತಾನೆ, ಎರಡರಲ್ಲಿಯೂ ಅವನಿಗೆ ಕಪಟವಿಲ್ಲ. ಆತ್ಮೋನ್ನತಿಯ ಆಕಾಂಕ್ಷೆಯನ್ನೂ ಕೃತಜ್ಞತೆಯನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂದು ಭಾವಿಸಿ, ಅದು ಇಷ್ಟು ಸೇರು ಇದು ಇಷ್ಟು ಸೇರು ಎಂದು ತೂಗಿ ಸಮತೋಲನವನ್ನು ಸಾಧಿಸಬೇಕೆಂದು ಬೋಧಿಸತಕ್ಕ ಗ್ರಂಥಗಳಿಗೆ ಅಂಗಡಿಗಳಲ್ಲಿ ಬರವಿಲ್ಲ. ನನಗಾದರೋ ಈ ತಕ್ಕಡಿಯ ಉಪಮೆಯಲ್ಲಿಯೇ ಸಂದೇಹ. ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯಲೇಬೇಕೆಂಬುದು ತಕ್ಕಡಿಯ ಧರ್ಮ; ನರಮಂಡಲದ ಧರ್ಮವೂ ಹಾಗೆಯೇ ಇದೆಯೇ ಎಂಬುದನ್ನು ನೋಡಿದ ಹೊರತು ತೂಗುವುದಕ್ಕೆ ಹೊರಡುವುದು ಅವಸರವಾದೀತು.

ಕಣ್ಣಿನಿಂದ ಆರಂಭಿಸೋಣ. ಅಕ್ಷಿಪಟದ ರಚನೆಯನ್ನು ಒಬ್ಬ ಎಂಜಿನಿಯರಿಗೆ ತೋರಿಸಿದರೆ ಅವನು ಹುಬ್ಬು ಗಂಟಿಕ್ಕುವುದು ನಿಶ್ಚಯ. ಏಕೆಂದರೆ ಬೆಳಕನ್ನು ಗ್ರಹಿಸತಕ್ಕ ಕೋಶಗಳು ಅಲ್ಲಿ ಹಿಂದಿನ ಸಾಲಿನಲ್ಲಿದ್ದು, ಅಕ್ಷಿಪಟದ ಒಳಪದರಗಳಿಗೆ ರಕ್ತವನ್ನು ಒಯ್ಯತಕ್ಕ ನಾಳಗಳ ಜಾಲವು ಅವುಗಳ ಮುಂದೆ, ಬೆಳಕು ಬರುವ ದಾರಿಗೆ ಅಡ್ಡಲಾಗಿ ಹಬ್ಬಿಕೊಂಡಿದೆ. ಕಿಟಕಿಯ ಗಾಜಿನ ಮೇಲೆ ಬಳ್ಳಿ ಹಬ್ಬಿದರೆ ಎದುರಿನ ಗೋಡೆಯ ಮೇಲೆ ಅದರ ನೆರಳು ಬೀಳುವಂತೆ, ಈ ನಾಳಗಳ ನೆರಳೂ ನಾವು ಕಣ್ಣು ಬಿಟ್ಟ ದಿನದಿಂದ ಆ ಕೋಶಗಳ ಮೇಲೆ ಬೀಳುತ್ತಲೇ ಇದೆ. ಆದರೂ ನಾವು ನೋಡುವ ಆಕಾಶದಲ್ಲಿ ಬಳ್ಳಿಯಿಲ್ಲ. ನಾಳಗಳು ಕಣ್ಣಿನೊಡನೆಯೇ ಚಲಿಸುವುದರಿಂದ ಅವುಗಳ ನೆರಳು ಹೆಚ್ಚುಕಡಮೆ ಯಾವಾಗಲೂ ಅವೇ ಕೋಶಗಳ ಮೇಲೆ ಬೀಳುತ್ತದೆ. ಯಾವಾಗಲೂ ಬೀಳುವುದರಿಂದಲೇ ಅದು ಕಾಣುವುದಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಬೊಹೀಮಿಯದ ಪುರ್ಕಿನ್ಯೆ ಎಂಬ ತರುಣನು ಕಣ್ಣಿನ ಪಕ್ಕದಲ್ಲಿ ದೀಪವನ್ನು ಅತ್ತಿತ್ತ ಆಡಿಸಿ, ನೆರಳನ್ನು ಅದರ ಹಳೆಯ ಜಾಗದಿಂದ ಕದಲಿಸಿ, ತನ್ನ ಕಣ್ಣಿನೊಳಗಿನ ಈ ವೃಕ್ಷವನ್ನು ತಾನೇ ಕಂಡನು. ಇಂದಿಗೂ ಅದಕ್ಕೆ ಅವನ ಹೆಸರೇ ಉಳಿದಿದೆ.

ಹೊರಗಿನ ಪ್ರಪಂಚಕ್ಕೂ ಇದೇ ಗತಿಯಾಗದಿರುವುದಕ್ಕೆ ಕಾರಣವಿಷ್ಟೆ: ನಾವು ಒಂದು ವಸ್ತುವನ್ನು ಎವೆಯಿಕ್ಕದೆ ದಿಟ್ಟಿಸುತ್ತಿದ್ದೇವೆಂದು ತಿಳಿದಿರುವಾಗಲೂ ಕಣ್ಣುಗುಡ್ಡೆ ನಿಂತಲ್ಲಿ ನಿಲ್ಲದೆ, ನಮ್ಮ ಅರಿವಿಗೆ ಬಾರದಷ್ಟು ಸೂಕ್ಷ್ಮವಾಗಿ ಅಲುಗುತ್ತಲೇ ಇರುತ್ತದೆ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾನಿಲಯದಲ್ಲಿ ಡಿಚ್‌ಬರ್ನ್ ಮತ್ತು ಗಿನ್ಸ್‌ಬೋರ್ಗ್ ಎಂಬಿಬ್ಬರು 1952ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣಿಗೆ ತೊಡಿಸಿದ ಕಾಂಟ್ಯಾಕ್ಟ್ ಲೆನ್ಸಿಗೆ ಕನ್ನಡಿಯನ್ನು ಜೋಡಿಸಿ, ಕಣ್ಣು ಎತ್ತ ಅಲುಗಿದರೆ ಚಿತ್ರವೂ ಅತ್ತಲೇ ಅಲುಗುವಂತೆ ಏರ್ಪಡಿಸಿದ್ದರು. ಹಾಗೆ ಚಿತ್ರವು ಅಕ್ಷಿಪಟದ ಮೇಲೆ ಕದಲದೆ ನಿಂತಾಗ ಕೆಲವೇ ಸೆಕೆಂಡುಗಳಲ್ಲಿ ಮಸುಕಾಗಿ ಮರೆಯಾಗತೊಡಗಿತು. ಕಣ್ಣು ತೆರೆದೇ ಇತ್ತು. ಬೆಳಕು ಬೀಳುತ್ತಲೇ ಇತ್ತು. ಕಾಣುವುದು ಮಾತ್ರ ನಿಂತುಹೋಗಿತ್ತು. ಅದಕ್ಕೆ ಕಾಲು ಶತಮಾನ ಮೊದಲೇ ಕೇಂಬ್ರಿಜ್ಜಿನ ಏಡ್ರಿಯನ್ ಅವರು ಒಂದೊಂದು ನರತಂತುವಿನ ವಿದ್ಯುತ್ ಸಂಕೇತಗಳನ್ನು ಪ್ರತ್ಯೇಕವಾಗಿ ದಾಖಲಿಸಿ, ಪ್ರಚೋದನೆಯು ಆರಂಭವಾದೊಡನೆ ಒತ್ತೊತ್ತಾಗಿ ಹೊರಡುವ ಸಂಕೇತಗಳು, ಅದೇ ಪ್ರಚೋದನೆಯು ಬದಲಾಗದೆ ಮುಂದುವರಿದರೆ ಕ್ರಮೇಣ ವಿರಳವಾಗುವುದನ್ನು ತೋರಿಸಿದ್ದರು. 1932ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ಬಂದದ್ದು ಇಂಥ ಕೆಲಸಕ್ಕಾಗಿ. ಬೆಳಿಗ್ಗೆ ತೊಟ್ಟ ಅಂಗಿಯ ಸ್ಪರ್ಶವು ಮಧ್ಯಾಹ್ನದ ಹೊತ್ತಿಗೆ ಯಾರಿಗೂ ನೆನಪಿರದು. ಶರೀರದ ತೂಕದಲ್ಲಿ ನೂರಕ್ಕೆ ಎರಡು ಭಾಗದಷ್ಟಿದ್ದು, ವಿಶ್ರಾಂತಿಯಲ್ಲಿರುವ ಶರೀರವು ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಕಬಳಿಸತಕ್ಕ ಮಿದುಳು, ಬದಲಾಗದ ವಾರ್ತೆಯನ್ನು ಮತ್ತೆ ಮತ್ತೆ ಓದಿಸಿಕೊಳ್ಳುವ ದುಂದನ್ನು ಹೇಗೆ ತಾಳೀತು?

ಅಂಗಿಗೆ ಒಗ್ಗಿದಂತೆ ಅದೃಷ್ಟಕ್ಕೂ ಮನುಷ್ಯನು ಒಗ್ಗುವನೇ ಎಂಬ ಪ್ರಶ್ನೆಯನ್ನು ಬ್ರಿಕ್‌ಮನ್ ಮತ್ತು ಕ್ಯಾಂಬೆಲ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1971ರಲ್ಲಿ ಎತ್ತಿದರು. ಏಳು ವರ್ಷಗಳ ಅನಂತರ ಬ್ರಿಕ್‌ಮನ್ ಅವರು ಸಂಗಡಿಗರೊಡನೆ ಇಲಿನಾಯ್ ರಾಜ್ಯದ ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಮಂದಿಯನ್ನು ಅಷ್ಟೇ ಸಂಖ್ಯೆಯ ಸಾಧಾರಣ ಜನರೊಡನೆ ಹೋಲಿಸಿ ನೋಡಿದಾಗ, ಗೆದ್ದವರು ಗಣನೀಯವಾಗಿ ಹೆಚ್ಚು ಸುಖಿಗಳಾಗಿರಲಿಲ್ಲ. ಅಷ್ಟೇ ಅಲ್ಲದೆ, ಬೆಳಗಿನ ಉಪಾಹಾರ, ಗೆಳೆಯರೊಡನೆ ಮಾತುಕತೆ ಮೊದಲಾದ ದಿನನಿತ್ಯದ ಸವಿಗಳು ಅವರಿಗೆ ಇತರರಿಗಿಂತ ಸಪ್ಪೆಯಾಗಿದ್ದವು. ಈ ಕಥೆಯನ್ನು ಹೇಳದ ಸುಖಶಾಸ್ತ್ರದ ಪುಸ್ತಕವಿಲ್ಲ. ಆದರೆ 22 ಮಂದಿಯ ಮೇಲೆ ಮನುಕುಲದ ಸಿದ್ಧಾಂತವನ್ನು ಕಟ್ಟುವುದು ಸಾಹಸವೇ ಸರಿ. ಸ್ವೀಡನ್ನಿನ ಸಾವಿರಾರು ಲಾಟರಿ ಆಟಗಾರರನ್ನು ಕುರಿತು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವು, ಭಾರಿ ಮೊತ್ತ ಗೆದ್ದವರಲ್ಲಿ ಬಾಳಿನ ಬಗೆಗಿನ ತೃಪ್ತಿ ಹತ್ತು ವರ್ಷಗಳಿಗೂ ಮೇಲ್ಪಟ್ಟು ಹೆಚ್ಚಾಗಿಯೇ ಉಳಿದುದನ್ನು ಕಂಡಿತು. ಆದುದರಿಂದ ಹಣದಿಂದ ಏನೂ ಆಗುವುದಿಲ್ಲವೆಂಬ ಉಪದೇಶವನ್ನು, ವಿಶೇಷವಾಗಿ ಹಣವುಳ್ಳವರ ಬಾಯಿಂದ ಬಂದಾಗ, ಪೂರ್ತಿಯಾಗಿ ನಂಬಬೇಕಾದ ಅಗತ್ಯವಿಲ್ಲ. ಒಗ್ಗುವಿಕೆ ಉಂಟು, ಅದು ಸಂಪೂರ್ಣವಲ್ಲ.

ಇನ್ನು ಆಕಾಂಕ್ಷೆಯ ವಿಚಾರ. ಇದರ ರಸಾಯನಶಾಸ್ತ್ರದ ಕಥೆಯಲ್ಲಿ ನಮ್ಮ ನೆಲದ ಗಿಡವೊಂದಕ್ಕೆ ಸ್ಥಾನವಿದೆಯೆಂಬುದು ಅನೇಕರಿಗೆ ತಿಳಿಯದು. ನಮ್ಮ ವೈದ್ಯರು ಚಿತ್ತಭ್ರಮೆಗೂ ನಿದ್ರಾನಾಶಕ್ಕೂ ಬಹುಕಾಲದಿಂದ ಕೊಡುತ್ತಿದ್ದ ಸರ್ಪಗಂಧಿಯ ಬೇರಿನಿಂದ ಸ್ವಿಟ್ಜರ್ಲೆಂಡಿನ ರಸಾಯನಜ್ಞರು 1952ರಲ್ಲಿ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು ಈ ಸತ್ವವನ್ನು ಮೊಲಗಳಿಗೆ ಕೊಟ್ಟು, ಅವು ಕಿವಿ ಜೋಲಿಸಿ ಅಲುಗಾಡದೆ ಬಿದ್ದುಕೊಂಡುದನ್ನು ಕಂಡು, ಅನಂತರ ಡೋಪಮೀನ್ ಎಂಬ ವಸ್ತುವಾಗಿ ಮಾರ್ಪಡತಕ್ಕ ಔಷಧವನ್ನು ಚುಚ್ಚಿದಾಗ ಅವು ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡಿದುದನ್ನೂ ಕಂಡರು. ಡೋಪಮೀನ್ ಮಿದುಳಿನ ಸಂದೇಶವಾಹಕಗಳಲ್ಲಿ ಒಂದೆಂದು 1950ರ ದಶಕದ ಕೊನೆಯಲ್ಲಿ ಹೀಗೆ ಸ್ಥಿರಪಟ್ಟಿತು. 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆ 1950ರ ದಶಕದಲ್ಲಿಯೇ, 1954ರಲ್ಲಿ, ಕೆನಡಾದ ಮೆಗಿಲ್ ವಿಶ್ವವಿದ್ಯಾನಿಲಯದ ಓಲ್ಡ್ಸ್ ಮತ್ತು ಮಿಲ್ನರ್ ಅವರು ಇಲಿಗಳ ಮಿದುಳಿನೊಳಗೆ ಸೂಕ್ಷ್ಮ ತಂತಿಗಳನ್ನು ನೆಟ್ಟು, ಸನ್ನೆಗೋಲನ್ನು ಒತ್ತಿದರೆ ತಂತಿಯಲ್ಲಿ ಅಲ್ಪ ವಿದ್ಯುತ್ತು ಹರಿಯುವಂತೆ ಮಾಡಿದಾಗ, ಇಲಿಗಳು ಗಂಟೆಗೆ ನೂರಾರು ಬಾರಿ, ಮುಂದಿನ ಪ್ರಯೋಗಗಳಲ್ಲಿ ಸಾವಿರಾರು ಬಾರಿ, ಅದನ್ನೇ ಒತ್ತುತ್ತ ಕುಳಿತವು. ಇದೇ ಸುಖದ ಕೇಂದ್ರವೆಂದು ಲೋಕವು ತೀರ್ಮಾನಿಸಿತು. ಡೋಪಮೀನನ್ನು ಸಂತೋಷದ ರಾಸಾಯನಿಕವೆಂದು ಪತ್ರಿಕೆಗಳು ಇಂದಿಗೂ ಬರೆಯುತ್ತಿರುವುದು ಆ ಅವಸರದ ತೀರ್ಮಾನದ ಪಳೆಯುಳಿಕೆ.

ಅದು ಅವಸರವೆಂದು ತೋರಿಸಿಕೊಟ್ಟ ಎರಡು ಪ್ರಯೋಗಗಳನ್ನು ಸಾವಕಾಶವಾಗಿ ನೋಡುವುದು ಒಳ್ಳೆಯದು. ಮೊದಲನೆಯದು ವೂಲ್ಫ್‌ರಾಮ್ ಷುಲ್ಟ್ಸ್ ಅವರದು. ಸ್ವಿಟ್ಜರ್ಲೆಂಡಿನ ಫ್ರಿಬೂರ್ ನಗರದಲ್ಲಿ ಅವರು ಕೋತಿಯ ಮಿದುಳಿನ ಡೋಪಮೀನ್ ಕೋಶಗಳಿಗೆ ಕಿವಿಗೊಟ್ಟು ಕುಳಿತಿದ್ದರು. ಈ ಕೋಶಗಳು ಸುಮ್ಮನಿದ್ದಾಗಲೂ ಸೆಕೆಂಡಿಗೆ ಕೆಲವು ಸಲ ಮಿಡಿಯುತ್ತಿರುತ್ತವೆ. ಕೋತಿಯ ಬಾಯಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಬಿದ್ದಾಗ ಅವು ಝಲ್ಲನೆ ಮಿಡಿದವು. ರಸಕ್ಕೆ ಮೊದಲು ಪ್ರತಿಸಲವೂ ಒಂದು ದೀಪ ಬೆಳಗುವಂತೆ ಮಾಡಿ ಕೋತಿಗೆ ಅದು ಅಭ್ಯಾಸವಾದ ಮೇಲೆ, ಕೋಶಗಳು ದೀಪಕ್ಕೆ ಮಿಡಿಯತೊಡಗಿದವು. ಹಿಂದೆ ಬಂದ ರಸಕ್ಕೆ ಅವುಗಳಲ್ಲಿ ವಿಶೇಷವಾದ ಮಿಡಿತವೇ ಕಾಣಲಿಲ್ಲ. ದೀಪ ಬೆಳಗಿ ರಸವು ಬಾರದೆಹೋದರೆ, ಅದು ಬರಬೇಕಾಗಿದ್ದ ಕ್ಷಣಕ್ಕೆ ಸರಿಯಾಗಿ, ಸದಾ ಇರುತ್ತಿದ್ದ ಮೆಲು ಮಿಡಿತವೂ ಅಡಗಿತು. ಅಂದರೆ ಈ ಕೋಶಗಳು ಲೆಕ್ಕವಿಡುವುದು ರಸವನ್ನಲ್ಲ, ನಿರೀಕ್ಷಿಸಿದ್ದಕ್ಕೂ ಬಂದದ್ದಕ್ಕೂ ನಡುವಣ ವ್ಯತ್ಯಾಸವನ್ನು. ಷುಲ್ಟ್ಸ್, ದಾಯನ್, ಮಾಂಟೇಗ್ ಈ ಮೂವರು 1997ರಲ್ಲಿ ಇದಕ್ಕೆ ಕೊಟ್ಟ ಗಣಿತರೂಪವು ಕಲಿಕೆಯ ವಿಜ್ಞಾನಕ್ಕೆ ಹೊಸ ತಳಹದಿಯಾಯಿತು. ತಿಂಗಳ ಮೊದಲ ದಿನ ಕೈಗೆ ಬರುವ ಸಂಬಳಕ್ಕೆ ಯಾರೂ ಹಿಗ್ಗದಿರುವುದೂ, ಒಂದು ದಿನ ತಡವಾದರೆ ಕಚೇರಿಯೆಲ್ಲ ಕುದಿಯುವುದೂ ಏಕೆಂಬುದಕ್ಕೆ ಆ ಕೋತಿಯ ಮೌನದಲ್ಲಿ ಅರ್ಧ ಉತ್ತರವಿದೆ.

ಎರಡನೆಯದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಜ್ ಮತ್ತು ಅವರ ಸಹೋದ್ಯೋಗಿಗಳದು. ಸಕ್ಕರೆಯ ನೀರು ನಾಲಗೆಗೆ ಬಿದ್ದರೆ ಇಲಿಯು ಎಳೆಯ ಕೂಸಿನಂತೆ ಬಾಯಿ ಚಪ್ಪರಿಸುತ್ತದೆ. ಕಹಿ ಬಿದ್ದರೆ ಬಾಯಿ ತೆರೆದು ತಲೆ ಕೊಡವುತ್ತದೆ. ಡೋಪಮೀನ್ ತಂತುಗಳನ್ನು ಹೆಚ್ಚುಕಡಮೆ ಪೂರ್ತಿಯಾಗಿ ನಾಶಮಾಡಿದ ಇಲಿಗಳು, ತಿಂಡಿಯು ಮೂಗಿನ ಮುಂದೆಯೇ ಇದ್ದರೂ ಅದರತ್ತ ಸರಿಯದೆ, ಕೊಳವೆಯ ಮೂಲಕ ಉಣಿಸದಿದ್ದರೆ ಹಸಿವಿನಿಂದ ಸಾಯುವ ಸ್ಥಿತಿಗೆ ಬಂದವು. ಹಾಗಾದರೆ ಅವುಗಳಿಗೆ ಸಿಹಿಯ ಸುಖವೇ ಹೋಯಿತೇ? ನಾಲಗೆಯ ಮೇಲೆ ಸಕ್ಕರೆಯ ನೀರನ್ನು ಸಂಶೋಧಕರು ತಾವಾಗಿ ಬಿಟ್ಟು ನೋಡಿದಾಗ, ಅವು ಮೊದಲಿನಂತೆಯೇ ಚಪ್ಪರಿಸಿದವು! ಸವಿಯು ಉಳಿದಿತ್ತು, ಬಯಕೆಯು ಅಳಿದಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಡೋಪಮೀನನ್ನು ಹೆಚ್ಚಿಸಿದ ಪ್ರಾಣಿಗಳು ತಿನಿಸಿಗಾಗಿ ಹೆಚ್ಚು ಹೆಣಗಿದರೂ ತಿನ್ನುವಾಗ ಹೆಚ್ಚು ಸವಿದಂತೆ ಕಾಣಲಿಲ್ಲ. ಬಯಕೆ ಮತ್ತು ಸವಿ ಇವೆರಡೂ ಮಿದುಳಿನಲ್ಲಿ ಬೇರೆ ಬೇರೆ ಏರ್ಪಾಡುಗಳೆಂಬುದು ಇದರಿಂದ ಸಿದ್ಧವಾಗುತ್ತದೆ. ಬಯಕೆಯನ್ನು ಸಕಲ ದುಃಖಗಳ ಮೂಲವೆಂದು ಹಳಿಯುವವರು ಆ ಇಲಿಯನ್ನೊಮ್ಮೆ ನೆನೆಯಬೇಕು: ಸಿಹಿಯನ್ನು ಮೆಚ್ಚುವ ನಾಲಗೆಯಿದ್ದೂ, ಎದುರಿಗೆ ಅನ್ನವಿದ್ದೂ, ಒಂದು ಹೆಜ್ಜೆ ಮುಂದಿಡಲಾರದ ಪ್ರಾಣಿ. ಬಯಕೆಯ ಪೂರೈಕೆಯೇ ಸುಖವೆನ್ನುವವರು, ಗಂಟೆಗೆ ಸಾವಿರಾರು ಬಾರಿ ಸನ್ನೆ ಒತ್ತುತ್ತಿದ್ದ ಇನ್ನೊಂದು ಇಲಿಯನ್ನು ನೆನೆಯಲಿ.

ಈಗ ಕೃತಜ್ಞತೆಗೆ ಬರಬಹುದು. ಈ ಶಬ್ದವನ್ನು ನಾವು ದಿನಕ್ಕೆ ಹತ್ತು ಸಲ ಆಡಿ ಸವೆಸಿದ್ದೇವೆ. ವಂದನಾರ್ಪಣೆಯ ಭಾಷಣಗಳಲ್ಲಂತೂ ಅದರ ಸಿಪ್ಪೆ ಮಾತ್ರ ಉಳಿದಿದೆ. ಆದರೆ ಅದನ್ನು ಬಿಡಿಸಿ ನೋಡಿದರೆ ಒಳಗೆ ಒಂದು ಮನೋವಿಜ್ಞಾನವೇ ಇದೆ. ಕೃತವೆಂದರೆ ಮಾಡಲ್ಪಟ್ಟದ್ದು; ಅದನ್ನು ಅರಿತವನು ಕೃತಜ್ಞ. ಸಂತೋಷಪಟ್ಟವನೆಂದಾಗಲಿ ತೃಪ್ತನಾದವನೆಂದಾಗಲಿ ಈ ಶಬ್ದಕ್ಕೆ ಅರ್ಥವಿಲ್ಲ. ಉಂಡು ಹೊಟ್ಟೆ ತುಂಬಿದವನು ತೃಪ್ತ. ಆ ಅನ್ನವನ್ನು ಯಾರು ಬೆಳೆದರು, ಯಾರು ಬೇಯಿಸಿದರು ಎಂಬುದನ್ನು ಬಲ್ಲವನು ಕೃತಜ್ಞ. ಹೊಟ್ಟೆ ಇನ್ನೂ ಅರ್ಧ ಹಸಿದಿರುವಾಗಲೂ ಅವನು ಕೃತಜ್ಞನಾಗಿರಬಲ್ಲನು. ತೃಪ್ತಿಯು ಒಂದು ಸ್ಥಿತಿ, ಕೃತಜ್ಞತೆಯು ಒಂದು ಜ್ಞಾನ. ಆಕಾಂಕ್ಷೆಗೂ ತೃಪ್ತಿಗೂ ತಕ್ಕಡಿಯ ಸಂಬಂಧವಿರಬಹುದು. ಆಕಾಂಕ್ಷೆಗೂ ಜ್ಞಾನಕ್ಕೂ ಅಂಥ ಸಂಬಂಧವನ್ನು ಕಲ್ಪಿಸಲು ಕಾರಣವಿಲ್ಲ. ಒಗ್ಗಿದ್ದನ್ನು ಅಳಿಸುವುದು ನರಗಳ ಸಹಜಧರ್ಮವಾದರೆ, ಅಳಿಸಿಹೋದದ್ದನ್ನು ಪ್ರಯತ್ನಪೂರ್ವಕವಾಗಿ ಮತ್ತೆ ಓದಿಕೊಳ್ಳುವುದು ಈ ಜ್ಞಾನದ ಕೆಲಸ.

ಅದನ್ನು ಓದಿಸಿ ನೋಡಿದವರು ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೋ. 2003ರಲ್ಲಿ ಪ್ರಕಟವಾದ ಅವರ ಮೊದಲ ಪ್ರಯೋಗದಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ಹತ್ತು ವಾರಗಳ ಕಾಲ ವಾರಕ್ಕೊಮ್ಮೆ, ಆ ವಾರ ತಾವು ಕೃತಜ್ಞರಾಗಿರಬೇಕಾದ ಐದರವರೆಗಿನ ಸಂಗತಿಗಳನ್ನು ಬರೆಯಿತು. ಎರಡನೆಯ ಗುಂಪು ವಾರದ ಕಿರುಕುಳಗಳನ್ನು ಬರೆಯಿತು. ಮೂರನೆಯದು ನಡೆದ ಘಟನೆಗಳನ್ನು ಸುಮ್ಮನೆ ದಾಖಲಿಸಿತು. ಮೊದಲನೆಯ ಗುಂಪಿನವರು ತಮ್ಮ ಬಾಳನ್ನು ಒಟ್ಟಿನಲ್ಲಿ ಉತ್ತಮವೆಂದು ಎಣಿಸಿದರು, ಅವರ ದೇಹದ ನೋವುಗಳು ಕಡಮೆಯಿದ್ದವು, ಕಿರುಕುಳ ಬರೆದವರಿಗಿಂತ ಅವರು ವ್ಯಾಯಾಮದಲ್ಲಿ ಹೆಚ್ಚು ಹೊತ್ತನ್ನು ಕಳೆದರು. ಈ ಕೊನೆಯ ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ. ಕೃತಜ್ಞತೆಯು ಮನುಷ್ಯನನ್ನು ಸೋಮಾರಿಯನ್ನಾಗಿ ಮಾಡುವುದಾದರೆ ಅವರು ಮಂಚದ ಮೇಲೆ ಒರಗಿರಬೇಕಾಗಿತ್ತು. ಹಾಗೆಂದು ಇದನ್ನು ಸಂಜೀವಿನಿಯೆಂದು ಕೊಂಡಾಡುವುದು ಸಲ್ಲದು. ದೊಡ್ಡ ಅಂತರವು ಕಂಡದ್ದು ಕಿರುಕುಳದ ಗುಂಪಿನೊಡನೆ ಹೋಲಿಸಿದಾಗ. ಮುಂದೆ ಇಂಥ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದವರು ಪರಿಣಾಮವು ಇದೆಯೆಂದೂ ಅದು ಅಲ್ಪವೆಂದೂ ಹೇಳಿದ್ದಾರೆ.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯವಾಗಿದೆ. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು ಇಂಥ ಪಟ್ಟಿಯನ್ನು ಆರು ವಾರಗಳ ಕಾಲ ಕೆಲವರಿಂದ ವಾರಕ್ಕೊಮ್ಮೆಯೂ ಕೆಲವರಿಂದ ವಾರಕ್ಕೆ ಮೂರು ಸಲವೂ ಬರೆಯಿಸಿದರು. ಹೆಚ್ಚು ಬರೆದವರು ಹೆಚ್ಚು ಸುಖಿಗಳಾಗಿರಬೇಕಷ್ಟೆ? ಸುಖವು ಹೆಚ್ಚಿದ್ದು ವಾರಕ್ಕೊಮ್ಮೆ ಬರೆದವರಲ್ಲಿ ಮಾತ್ರ. ಕೃತಜ್ಞತೆಯೂ ನಿತ್ಯವಿಧಿಯಾದರೆ ಅಂಗಿಯಂತೆಯೇ ಮೈಗೆ ಒಗ್ಗಿ ಮರೆತುಹೋಗುವುದೆಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಹಾಗಾದರೆ ಕಣ್ಣಿನ ಕಂಪನಕ್ಕೆ ಸಮಾನವಾದ ಚಲನೆಯೊಂದು ಮನಸ್ಸಿಗೂ ಬೇಕು. ಆ ಚಲನೆ ಯಾವುದಿರಬಹುದೆಂಬುದನ್ನು 2008ರಲ್ಲಿ ಮಿಂಕ್ಯುಂಗ್ ಕೂ, ಟಿಮೊತಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಮೊದಲಾದವರ ಪ್ರಯೋಗಗಳು ಸೂಚಿಸಿದವು. ಬಾಳಸಂಗಾತಿಯನ್ನು ತಾವು ಹೇಗೆ ಸಂಧಿಸಿದೆವೆಂಬುದನ್ನು ಬರೆದವರಿಗಿಂತ, ಹೇಗೆ ಸಂಧಿಸದೆಯೇ ಹೋಗಬಹುದಾಗಿತ್ತೆಂಬುದನ್ನು ಬರೆದವರು ತಮ್ಮ ದಾಂಪತ್ಯದಲ್ಲಿ ಹೆಚ್ಚು ತೃಪ್ತಿಯನ್ನು ಕಂಡರು. ಇದ್ದದ್ದನ್ನು ಎಣಿಸುವುದಕ್ಕಿಂತ ಕಳೆದು ನೋಡುವುದು ಹೆಚ್ಚು ಫಲಕಾರಿ. ಇದು ಮನಸ್ಸು ತನಗೆ ತಾನೇ ಮಾಡಿಕೊಳ್ಳುವ ಐದು ನಿಮಿಷದ ಕರೆಂಟು ಕಡಿತ.

ಇಂಥ ವ್ಯವಕಲನವನ್ನು ಪ್ರಯೋಗಶಾಲೆಯ ನೆರವಿಲ್ಲದೆ ನಡೆಸುತ್ತಿದ್ದ ಒಬ್ಬರನ್ನು ನಾನು ಬಲ್ಲೆ. ನಮ್ಮ ತಾಯಿ ಮದುವೆಯಾಗಿ ಬಂದ ಮೇಲೆ ಹದಿನಾರು ವರ್ಷ ಊರ ಹೊರಗಿನ ಬಾವಿಯಿಂದ ನೀರು ಹೊತ್ತವರು. ಮನೆಯೊಳಕ್ಕೆ ನಲ್ಲಿ ಬಂದು ಎಷ್ಟೋ ವರ್ಷಗಳಾಗಿ, ಸೊಂಟ ಬಾಗಿದ ಕಾಲದಲ್ಲಿಯೂ, ಅವರು ನಲ್ಲಿಯನ್ನು ತಿರುಗಿಸಿದಾಗ ಬಿಂದಿಗೆ ಇಡುವುದಕ್ಕೆ ಮೊದಲು ಒಂದು ಕ್ಷಣ ಅಂಗೈಯೊಡ್ಡಿ ನೀರನ್ನು ಮುಟ್ಟುತ್ತಿದ್ದರು. ಬಾವಿಯ ಹಗ್ಗವನ್ನು ಕಾಣದ ನನಗೆ ಅದೊಂದು ವಿಚಿತ್ರವಾದ ಚಾಳಿಯಾಗಿ ಕಾಣುತ್ತಿತ್ತು. ಆ ತಾಯಿಯೇ, ನಲ್ಲಿಯಲ್ಲಿ ನೀರು ವಾರಕ್ಕೆ ಎರ‍ಡೇ ದಿನ ಬರತೊಡಗಿದಾಗ, ಸೆರಗು ಬಿಗಿದು ನಾಲ್ಕು ಸಲ ಕಚೇರಿಯ ಮೆಟ್ಟಿಲೇರಿ, ಗುಮಾಸ್ತೆಯೊಬ್ಬರು "ಬರೋದೇ ಪುಣ್ಯ ಅನ್ನಿ ಅಮ್ಮ, ಮೊದಲು ಇದೂ ಇರಲಿಲ್ಲವಲ್ಲ" ಎಂದಾಗ, "ಇರಲಿಲ್ಲ ಅನ್ನೋದು ನನಗೆ ಗೊತ್ತಪ್ಪ, ಹೊತ್ತವಳು ನಾನು, ಅದಕ್ಕೇ ಬಂದಿದೀನಿ" ಎಂದು ಉತ್ತರ ಕೊಟ್ಟು ಅರ್ಜಿಯನ್ನು ಮೇಜಿನ ಮೇಲಿಟ್ಟು ಬಂದರು. ನೀರಿನ ಬೆಲೆಯನ್ನು ಅರಿತವರೇ ಇನ್ನಷ್ಟು ನೀರನ್ನು ಕೇಳಿದರೆಂಬುದರಲ್ಲಿ ನನಗೆ ಈಗ ಯಾವ ವಿರೋಧವೂ ಕಾಣುವುದಿಲ್ಲ.

ಆ ಗುಮಾಸ್ತೆಯ ಮಾತಿನಲ್ಲಿದ್ದ ಅಪಾಯವನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಬೇಕು. ಕೃತಜ್ಞತೆಯು ಒಳಗಿನಿಂದ ಹುಟ್ಟಿದಾಗ ಜ್ಞಾನ; ಮೇಲಿನವನು ಕೆಳಗಿನವನಿಂದ ವಸೂಲುಮಾಡಿದಾಗ ಸಂಕೋಲೆ. ಉಪ್ಪಿನ ಋಣದ ಹೆಸರಿನಲ್ಲಿ, ಅಜ್ಜ ಪಡೆದ ಸಾಲಕ್ಕೆ ಮೊಮ್ಮಗನೂ ದುಡಿಯುತ್ತಿದ್ದ ಜೀತಪದ್ಧತಿಯು ನಮ್ಮ ನಾಡಿನಲ್ಲಿ ಎಷ್ಟು ಕಾಲ ನಡೆಯಿತೆಂಬುದನ್ನು ಬಲ್ಲವರು ಈ ಶಬ್ದವನ್ನು ಬಳಸುವಾಗ ಎಚ್ಚರದಿಂದಿರುತ್ತಾರೆ. ಶಾಸನವು ಅದನ್ನು ನಿಷೇಧಿಸಿದ್ದು 1976ರಷ್ಟು ಈಚೆಗೆ. ಇದ್ದುದರಲ್ಲಿ ಸಂತೋಷಪಡು ಎಂದು ಇನ್ನೊಬ್ಬರಿಗೆ ಹೇಳುವ ಅಧಿಕಾರವು ಯಾರಿಗೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ಕೃತಜ್ಞತೆಯು ಆಕಾಂಕ್ಷೆಯನ್ನು ಮೊಂಡಾಗಿಸುವುದೇ ಎಂಬ ಪ್ರಶ್ನೆಗೆ ನೇರವಾದ ಸಾಕ್ಷ್ಯವೂ ಸ್ವಲ್ಪ ಉಂಟು. ಡೇವಿಡ್ ಡಿಸ್ಟೆನೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮಗೆ ಉಪಕಾರವಾದ ಪ್ರಸಂಗವನ್ನು ನೆನೆದು ಬರೆದವರು, ಈಗಲೇ ಸಿಕ್ಕುವ ಸಣ್ಣ ಮೊತ್ತವನ್ನು ಬಿಟ್ಟು ಕೆಲವು ಕಾಲದ ಅನಂತರ ಸಿಕ್ಕುವ ದೊಡ್ಡ ಮೊತ್ತಕ್ಕಾಗಿ ಕಾಯುವುದರಲ್ಲಿ ಇತರರಿಗಿಂತ ಹೆಚ್ಚು ತಾಳ್ಮೆಯನ್ನು ತೋರಿದರು. ಬರಿಯ ಸಂತೋಷದ ಪ್ರಸಂಗವನ್ನು ನೆನೆದವರಲ್ಲಿ ಆ ತಾಳ್ಮೆ ಕಾಣಲಿಲ್ಲ. ವಿದ್ಯೆಯಾಗಲಿ ತೋಟವಾಗಲಿ ಸಂಗೀತವಾಗಲಿ, ಇಂದಿನ ಸಣ್ಣದನ್ನು ಬಿಟ್ಟು ನಾಳೆಯ ದೊಡ್ಡದಕ್ಕೆ ಕಾಯಬಲ್ಲವನಿಗಲ್ಲದೆ ಯಾರಿಗೆ ಒಲಿದೀತು? ಕ್ಯಾಲಿಫೋರ್ನಿಯದ ಬ್ರೈನ್ಸ್ ಮತ್ತು ಚೆನ್ ಅವರು 2012ರಲ್ಲಿ, ಕಠಿಣವಾದ ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಗಳಲ್ಲಿ ತಮ್ಮ ಸೋಲನ್ನು ಮರುಕದಿಂದ ಕಾಣುವಂತೆ ಪ್ರೇರಿತರಾದವರು ಮರುಪರೀಕ್ಷೆಗೆ ಹೆಚ್ಚು ಹೊತ್ತು ಓದಿದರೆಂದು ತೋರಿಸಿದರು. ಅದು ಕೃತಜ್ಞತೆಯಲ್ಲವಾದರೂ ಅದರ ನೆರೆಮನೆಯ ಗುಣ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಮಿಂಜುಂಗ್ ಕೂ ಮತ್ತು ಐಯಲೆಟ್ ಫಿಷ್‌ಬ್ಯಾಕ್ ಅವರು 2008ರಲ್ಲಿ ವರದಿಮಾಡಿದ ಪ್ರಯೋಗ. ದಕ್ಷಿಣ ಕೊರಿಯಾದ ಒಂದು ದತ್ತಿಸಂಸ್ಥೆಯು ಚಂದಾ ಎತ್ತುವಾಗ ಕೆಲವರಿಗೆ ಗುರಿಯ ಅರ್ಧ ಈಗಾಗಲೇ ಕೂಡಿದೆಯೆಂದೂ, ಕೆಲವರಿಗೆ ಅರ್ಧ ಇನ್ನೂ ಉಳಿದಿದೆಯೆಂದೂ ಪತ್ರ ಬರೆಯಿತು. ಲೆಕ್ಕದಲ್ಲಿ ಎರಡೂ ಒಂದೇ. ಆದರೆ ಆ ಕಾರ್ಯಕ್ಕೆ ಹೊಸಬರಾದವರಿಂದ ಹೆಚ್ಚು ನೆರವು ಬಂದದ್ದು ಕೂಡಿದ್ದನ್ನು ತೋರಿಸಿದ ಪತ್ರಕ್ಕೆ. ಆಗಲೇ ಅದಕ್ಕೆ ಬದ್ಧರಾಗಿದ್ದವರಿಂದ ಹೆಚ್ಚು ಬಂದದ್ದು ಉಳಿದದ್ದನ್ನು ತೋರಿಸಿದ ಪತ್ರಕ್ಕೆ. ಪಳಗಿದ ವೈಣಿಕನಿಗೆ ಗುರುಗಳು ತಪ್ಪಿದ ಗಮಕವನ್ನೇ ತೋರಿಸುವುದೂ, ಸರಳೆವರಸೆಯ ಹುಡುಗಿಗೆ "ನಿನ್ನೆ ಬಾರದ್ದು ಇವತ್ತು ಬಂತಲ್ಲಮ್ಮ" ಎನ್ನುವುದೂ ಪಕ್ಷಪಾತದಿಂದಲ್ಲ. ತೊಂಬತ್ತೆರಡು ಅಂಕದ ಆ ತಂದೆಯ ತಪ್ಪೂ, ಹಾಗೆ ನೋಡಿದರೆ, ಎಂಟನ್ನು ಕೇಳಿದ್ದರಲ್ಲಿಲ್ಲ. ಮಗಳು ಗಣಿತದಲ್ಲಿ ಎಷ್ಟು ದೂರ ಬಂದಿದ್ದಾಳೆಂಬುದನ್ನು ನೋಡಿಕೊಳ್ಳದೆ ಕೇಳಿದ್ದರಲ್ಲಿದೆ. ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ನೋಟವು ಸರಿಯುತ್ತಿರಬೇಕು. ನಿಂತರೆ ಎರಡೂ ಮಸುಕಾಗುತ್ತವೆ.

ಮೊದಲಿಗೆ ಹೇಳಿದ ಕಣ್ಣಿನ ಜಾಲವನ್ನು ನೋಡಬೇಕೆಂಬ ಕುತೂಹಲವು ಓದುಗರಿಗಿದ್ದರೆ ಪುರ್ಕಿನ್ಯೆಯ ದೀಪವೂ ಬೇಡ. ಒಂದು ದಪ್ಪ ಕಾಗದಕ್ಕೆ ಗುಂಡುಸೂಜಿಯಿಂದ ರಂಧ್ರ ಮಾಡಿ, ಒಂದು ಕಣ್ಣನ್ನು ಮುಚ್ಚಿ, ಇನ್ನೊಂದಕ್ಕೆ ಆ ರಂಧ್ರವನ್ನು ಹತ್ತಿರ ಹಿಡಿದು, ಸೂರ್ಯನಿಲ್ಲದ ದಿಕ್ಕಿನ ಬೆಳಕಾದ ಆಕಾಶವನ್ನೋ ಸುಣ್ಣ ಬಳಿದ ಗೋಡೆಯನ್ನೋ ನೋಡುತ್ತ, ಕಾಗದವನ್ನು ಪುಟ್ಟ ವರ್ತುಲದಲ್ಲಿ ಬೇಗಬೇಗನೆ ಅಲುಗಿಸಿರಿ. ಒಣಗಿದ ಅರಳಿಯ ಎಲೆಯ ನರಗಳಂತೆ ಕವಲೊಡೆದ ನಾಳಗಳು ಆ ಬೆಳಕಿನ ಮೇಲೆ ಮೂಡುತ್ತವೆ. ಕೈ ನಿಂತ ಕೆಲವು ಕ್ಷಣಗಳಲ್ಲಿಯೇ ಅವು ಅಳಿಸಿಹೋಗುತ್ತವೆ; ಮತ್ತೆ ಅಲುಗಿಸಿದರೆ ಮತ್ತೆ ಬರುತ್ತವೆ.